ಶಿಕ್ಷಕರ ಸಮೀಕ್ಷೆಗೆ ಗೂಗಲ್ ಫಾರ್ಮ್ಸ್: ಕೊಡಗಿನ ಶಾಲೆಗಳಿಗೆ ಎಷ್ಟು ಹೊಂದುತ್ತದೆ?

ಆನ್‌ಲೈನ್‌ನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಈ ಸಾಧನ ಉಚಿತ, ಕನ್ನಡದಲ್ಲೇ ಪ್ರಶ್ನೆ ಬರೆಯಬಹುದು. ಆದರೆ ಉತ್ತರಿಸಿದವರ ಗುಟ್ಟು ಕಾಯುವ ಹೊಣೆ ನಿಮ್ಮದೇ. ಇಮೇಲ್ ಸಂಗ್ರಹ ಆಫ್ ಮಾಡಿದರೂ ಸಲ್ಲಿಸಿದ ಸಮಯ ಉತ್ತರಗಳು ಸೇರುವ ಗೂಗಲ್ ಶೀಟ್ಸ್ ಕೋಷ್ಟಕದಲ್ಲಿ ದಾಖಲಾಗುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಯಾರ ಉತ್ತರವೆಂದು ಊಹಿಸಲು ಅಷ್ಟು ಸಾಕು. ಹಾಗಾಗಿ ಶಾಲೆಯ ಹೆಸರು ಬೇಡ, ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಕೇಳಿ; 5ಕ್ಕಿಂತ ಕಡಿಮೆ ಉತ್ತರ ಬಂದಲ್ಲಿ ಬಿಡಿಯಾಗಿ ತೋರಿಸಬೇಡಿ.

ದೊಡ್ಡ ಕೊರತೆ, ಆಫ್‌ಲೈನ್ ಸಲ್ಲಿಕೆ ಇಲ್ಲ. ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಹೋದರೆ ಭಾಗಮಂಡಲದ ಕಡೆಯವರ ದನಿಯೇ ಬಿಟ್ಟುಹೋಗುತ್ತದೆ. ಕಾಗದದ ಪ್ರತಿಯನ್ನೂ ಕಳಿಸಿ.

ಸಾರಾಂಶದ ಚಾರ್ಟ್ ಸಾಲದು; ತಾಲ್ಲೂಕುವಾರು ಹೋಲಿಕೆಗೆ ಶೀಟ್ಸ್‌ನ ಪಿವಟ್ ಟೇಬಲ್ (ಉತ್ತರಗಳನ್ನು ಗುಂಪುವಾರು ಎಣಿಸಿ ತೋರಿಸುವ ಪಟ್ಟಿ) ಬೇಕು. 1ರಿಂದ 5ರವರೆಗೆ ಅಂಕ ಕೊಡುವ ಪ್ರಶ್ನೆಗೆ ಸರಾಸರಿ 3 ಬಂದರೆ ಅರ್ಧ ಜನ 1, ಉಳಿದರ್ಧ 5 ಕೊಟ್ಟಿರಲೂಬಹುದು, ಹಂಚಿಕೆ ನೋಡಿ. ಶೌಚಾಲಯವೋ, ಬೋಧನೇತರ ಕೆಲಸದ ಹೊರೆಯೋ, ಎರಡೇ ಸಮಸ್ಯೆ ಆರಿಸಿ, ಹೊಣೆಗಾರರನ್ನೂ ಗಡುವನ್ನೂ ಗೊತ್ತುಮಾಡಿ, ಉತ್ತರಿಸಿದವರಿಗೆ ಎರಡು ವಾರದೊಳಗೆ ತಿಳಿಸಿ.