ವಾಲ್ವ್ ಹಾಕಿಸಿಕೊಂಡವರು ಜ್ವರ ಬಂದರೆ ಸುಮ್ನೆ ಆ್ಯಂಟಿಬಯೋಟಿಕ್ ನುಂಗಬೇಡಿ

ನಮ್ಮ ಅಕ್ಕನ ಹೃದಯದಲ್ಲಿ ಲೋಹದ ವಾಲ್ವ್ (ಕವಾಟ) ಇದೆ. ಚಿಕ್ಕವಳಿದ್ದಾಗ ಬಂದ ರುಮ್ಯಾಟಿಕ್ ಜ್ವರ ಅವಳ ಮೈಟ್ರಲ್ ವಾಲ್ವನ್ನು ಹಾಳು ಮಾಡಿತ್ತು. ಆಪರೇಷನ್ ಆಗಿ ಒಂಬತ್ತು ವರ್ಷ. ರಾತ್ರಿ ಪಕ್ಕದಲ್ಲಿ ಮಲಗಿದರೆ ಟಿಕ್ ಟಿಕ್ ಅನ್ನುವುದು ನಮಗೂ ಕೇಳಿಸುತ್ತದೆ.

ಹೋದ ವರ್ಷ ವಸಡಿನಲ್ಲಿ ರಕ್ತ ಬರುತ್ತಿದೆ ಅಂತ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದಳು. ಹೃದಯದ ಆಪರೇಷನ್ ಆಗಿದೆಯಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ ಅಂತ ಇವಳೂ ಹೇಳಲಿಲ್ಲ.

ಎರಡು ವಾರಕ್ಕೆ ಜ್ವರ ಶುರುವಾಯಿತು. ಜೋರೇನಲ್ಲ, ಸಂಜೆಯಾದರೆ 100 ಡಿಗ್ರಿ. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು. ಊಟ ಸೇರುತ್ತಿರಲಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ಐದು ದಿನಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರು. ಜ್ವರ ಬಿಟ್ಟಿತು, ವಾರಕ್ಕೆ ಮತ್ತೆ ಬಂತು. ಇನ್ನೊಂದು ಕೋರ್ಸ್. ಆಮೇಲೆ ಮತ್ತೊಂದು. ಹೀಗೇ ಒಂದೂವರೆ ತಿಂಗಳು ಕಳೆದೆವು. ನೆನೆದರೆ ಈಗಲೂ ಕರುಳು ಹಿಂಡುತ್ತದೆ.

ನಡುವೆ ಅವಳ ಉಗುರಿನ ಅಡಿ ಸಣ್ಣ ಕಂದು ಗೆರೆಗಳು ಕಂಡವು, ಮುಳ್ಳು ಮುರಿದು ಒಳಗೇ ಉಳಿದ ಹಾಗೆ. ಕಡ್ಡಿಪೊರಕೆಯ ಸಿಬಿರು ಚುಚ್ಚಿರಬೇಕು ಅಂದುಕೊಂಡೆವು. ಒಂದು ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳ ಎಡಗೈ ಹಾಗೇ ಮಡಿಲಿಗೆ ಬಿತ್ತು. ಮತ್ತೆ ಎತ್ತಲು ಆಗಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಬಾಯಿಯಿಂದ ಕೊಳವೆ ಇಳಿಸಿ ಎಕೋ (ಹೃದಯದ ಸ್ಕ್ಯಾನ್) ಮಾಡಿದರು. ವಾಲ್ವಿಗೆ ಗಡ್ಡೆಯಂಥದ್ದು ಅಂಟಿಕೊಂಡಿತ್ತು. ಇನ್‌ಫೆಕ್ಟಿವ್ ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕು. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ವಾಲ್ವಿನ ಮೇಲೆ ಬೀಡುಬಿಟ್ಟಿತ್ತು. ಆ ಗಡ್ಡೆಯದೇ ಚೂರು ಮೆದುಳಿನ ರಕ್ತನಾಳಕ್ಕೆ ಅಡ್ಡ ಸಿಕ್ಕಿಕೊಂಡಿತ್ತು, ಅದಕ್ಕೇ ಕೈ ಬಿದ್ದದ್ದು. ಉಗುರಿನ ಅಡಿಯ ಗೆರೆಗಳೂ ಇದೇ ಸೋಂಕಿನ ಗುರುತಂತೆ. ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್‌ನಲ್ಲಿ ಮಾತ್ರ ಏನೂ ಬೆಳೆಯಲಿಲ್ಲ. ಮೊದಲೇ ನುಂಗಿದ ಮಾತ್ರೆಗಳಿಂದ ಹೀಗಾಗುತ್ತದಂತೆ: ರೋಗಾಣು ಪೂರ್ತಿ ಸಾಯುವುದಿಲ್ಲ, ಪರೀಕ್ಷೆಗೂ ಸಿಗುವುದಿಲ್ಲ. ಕೊನೆಗೆ ಅಂದಾಜಿನ ಮೇಲೆ ಆರು ವಾರ ನರಕ್ಕೆ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ಎಡಗೈ ಹಿಡಿತ ಇನ್ನೂ ಪೂರ್ತಿ ಬಂದಿಲ್ಲ.

ಹಲ್ಲು ಕ್ಲೀನ್ ಮಾಡಿಸಿದ್ದೇ ಕಾರಣವಾ ಅಂತ ಡಾಕ್ಟರನ್ನು ಕೇಳಿದೆ. ಖಚಿತವಾಗಿ ಹೇಳಲಾಗದು, ವಸಡು ಹಾಳಾಗಿದ್ದರೆ ದಿನಾ ಬ್ರಷ್ ಮಾಡುವಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗುತ್ತದೆ ಎಂದರು. ಹಾಗಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ದಯವಿಟ್ಟು ಬಿಡಬೇಡಿ. ವಾಲ್ವ್ ವಿಷಯ ಮೊದಲೇ ಹೇಳಿ. ಕೃತಕ ವಾಲ್ವ್ ಇರುವವರು, ಈ ಸೋಂಕು ಒಮ್ಮೆ ಬಂದುಹೋದವರು, ಹುಟ್ಟಿನಿಂದಲೇ ಕೆಲವು ಬಗೆಯ ಹೃದಯದ ತೊಂದರೆ ಇರುವವರು ಹಲ್ಲು ಕೀಳಿಸುವ, ವಸಡು ಕ್ಲೀನ್ ಮಾಡಿಸುವ ಅರ್ಧದಿಂದ ಒಂದು ಗಂಟೆ ಮುಂಚೆ ಒಂದು ಡೋಸ್ ಆ್ಯಂಟಿಬಯೋಟಿಕ್ ತಗೊಳ್ಳಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ. ಪೆನ್ಸಿಲಿನ್ ಅಲರ್ಜಿ ಇದ್ದರೆ ಬೇರೆ ಔಷಧಿ. ನಿಮ್ಮ ಹೃದಯದ ಡಾಕ್ಟರಿಂದಲೇ ಬರೆಸಿಕೊಳ್ಳಿ. ಬರೀ ಸ್ಟೆಂಟ್ ಇದ್ದವರಿಗೆ ಇದು ಬೇಕಿಲ್ಲ. ಪೇಸ್‌ಮೇಕರ್ ಇರುವವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೂ ಈ ಸೋಂಕಿನ ಅಪಾಯ ಜಾಸ್ತಿ. ಬಿಟ್ಟು ಬಿಟ್ಟು ಬರುವ ಜ್ವರವನ್ನು ಅವರೂ ಹಗುರಾಗಿ ನೋಡಬಾರದು.

ಜ್ವರ ಬಂದಾಗ ಯಾವ ಕ್ಲಿನಿಕ್‌ಗೆ ಹೋದರೂ ‘ನನಗೆ ವಾಲ್ವ್ ಹಾಕಿದೆ, ಮೊದಲು ಕಲ್ಚರ್‌ಗೆ ರಕ್ತ ತಗೊಳ್ಳಿ, ಆಮೇಲೆ ಔಷಧಿ ಕೊಡಿ’ ಅಂತ ಬಾಯಿಬಿಟ್ಟು ಹೇಳಿ. ಅಕ್ಕನ ಪರ್ಸ್‌ನಲ್ಲಿ ಈಗ ಇದೇ ಮಾತು ಬರೆದ ಚೀಟಿ ಇದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯ ಪಕ್ಕದಲ್ಲಿ.