ದ್ರಾಕ್ಷಿಯದ್ದು ಒಯ್ಯಿರಿ, ಅನಾನಸಿನದ್ದು ಬಿಡಿ

ಚಿಕ್ಕಮಗಳೂರಿನ ಸುತ್ತಮುತ್ತ ‘ಹೋಂ ಮೇಡ್ ವೈನ್’ ಎಂದು ಸಿಗುವುದರಲ್ಲಿ ಬಹುಪಾಲು ಒಂದೇ ಲೆಕ್ಕದ ಮಾಲು: ಕಿಲೋ ದ್ರಾಕ್ಷಿಗೆ ಕಿಲೋ ಸಕ್ಕರೆ, ಮೇಲೊಂದು ಹಿಡಿ ಗೋಧಿ, ಚಕ್ಕೆ, ಲವಂಗ. ಅಷ್ಟು ಸಕ್ಕರೆಯಲ್ಲಿ, ಹುದುಗಿಸುವ ಯೀಸ್ಟ್ ಸೋಲುತ್ತದೆ. ಹುದುಗುವುದು ಅರ್ಧಕ್ಕೆ ನಿಂತು ಪಾನಕ ಉಳಿಯುತ್ತದೆ. ಗೋಧಿಯ ಪಿಷ್ಟದಿಂದ ರಸ ಮಬ್ಬಾಗುವುದು ಬೇರೆ.

ಮೂಡಿಗೆರೆ ಕಡೆಯ ಒಂದು ಮನೆಯವರ ಪುಟ್ಟ ವೈನರಿ ಆ ಲೆಕ್ಕಕ್ಕೆ ಹೋಗಿಲ್ಲ. ಹಣ್ಣು ಬೆಂಗಳೂರು ಬ್ಲೂ ಎಂಬ ತಳಿಯ ದ್ರಾಕ್ಷಿ, ಬರುವುದು ಬಯಲುಸೀಮೆಯಿಂದ. ಮಲೆನಾಡಿನ ಮಳೆಗೆ ದ್ರಾಕ್ಷಿ ನಿಲ್ಲುವುದಿಲ್ಲ, ಹಾಗಾಗಿ ‘ನಮ್ಮ ತೋಟದ್ದೇ’ ಎನ್ನುವವರನ್ನು ನಂಬಬೇಡಿ. ತೊಟ್ಟು ಬಿಡಿಸಿ ಕೈಯಲ್ಲೇ ಹಿಸುಕುತ್ತಾರೆ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿ ಬಿಡುತ್ತದೆ. ರಸದ ಸಿಹಿ 16 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂಬ ಅಳತೆ) ಇದ್ದರೆ 22ಕ್ಕೆ ಏರಿಸಲು 10 ಲೀಟರಿಗೆ ಸುಮಾರು 820 ಗ್ರಾಂ ಸಕ್ಕರೆ ಸಾಕು. ಆಲ್ಕೋಹಾಲ್ 12%ರ ಆಸುಪಾಸಿಗೆ ಬರುತ್ತದೆ.

ಭರಣಿಯನ್ನು ಮುಕ್ಕಾಲು ಮಾತ್ರ ತುಂಬುತ್ತಾರೆ, ಯಾಕೆಂದರೆ ಗ್ಯಾಸಿಗೆ ಸಿಪ್ಪೆ ಮೇಲೇಳುತ್ತದೆ. ಅದನ್ನು ದಿನಕ್ಕೆ ಮೂರು ಸಲ ಒಳಗೆ ಅದುಮಬೇಕು. ಒಂದು ದಿನ ಮರೆತರೂ ಮೇಲಿನ ಪದರ ಒಣಗಿ ಹುಳಿಯತ್ತ ತಿರುಗುತ್ತದೆ, ಬೂಸ್ಟೂ ಹಿಡಿಯಬಹುದು. ವಾರದ ಹೊತ್ತಿಗೆ ಸೋಸಿ, ಗಾಳಿ ಒಳಬರದ, ಗ್ಯಾಸ್ ಮಾತ್ರ ಹೊರಹೋಗುವ ಮುಚ್ಚಳದ ಪಾತ್ರೆಗೆ ಕತ್ತಿನವರೆಗೂ ತುಂಬುತ್ತಾರೆ. ಜಾಗ ಬಿಟ್ಟರೆ ವೈನ್ ವಿನೆಗರ್ ಆಗುತ್ತದೆ.

ಇವರ ಕೆಲಸ ಗೊತ್ತಾಗುವುದು ಆಮೇಲೆ. ತಳದ ಗಸಿ ಕದಡದಂತೆ ಪೈಪಿನಿಂದ ಮೇಲಿನ ತಿಳಿಯನ್ನಷ್ಟೇ ಎಳೆದು ಬೇರೆ ಪಾತ್ರೆಗೆ ಹಾಕುವುದನ್ನು ಮೂರು ಸಲ ಮಾಡುತ್ತಾರೆ. ಗಸಿಯ ಮೇಲೆಯೇ ತಿಂಗಳುಗಟ್ಟಲೆ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಇವರ ಸೀಸೆಯಲ್ಲಿ ಅದರ ಸುಳಿವಿಲ್ಲ. ಬಣ್ಣ ತಿಳಿ, ಸಿಹಿ ಅಷ್ಟಕ್ಕಷ್ಟೆ, ಕೊನೆಗೆ ತುಸು ಒಗರು. ಕಡುಬು, ಕೋಳಿ ಸಾರಿಗೆ ಸರಿಹೋಗುತ್ತದೆ.

ಅನಾನಸ್ ವೈನಿನಲ್ಲಿ ಆ ತಾಳ್ಮೆಯಿಲ್ಲ. ಸಿಹಿ ಉಳಿದಿರುವಾಗಲೇ, ಯೀಸ್ಟ್ ಸಾಯುವ ಮೊದಲೇ ಸೀಸೆಗೆ ಇಳಿಸಿದ್ದಾರೆ. ನಾಲಿಗೆ ಮೇಲೆ ಚುರುಗುಟ್ಟುವುದು ಅದಕ್ಕೇ. ಬಿಸಿಲಿಗೆ ನಿಂತ ಕಾರಿನಲ್ಲಿಟ್ಟರೆ ಕಾರ್ಕ್ ಹಾರಿ ಸೀಟೆಲ್ಲ ಅಂಟು. ಶುಂಠಿಯದ್ದರಲ್ಲಿ ಘಾಟು ಬಿಟ್ಟರೆ ಏನಿಲ್ಲ.

ಎಲ್ಲೇ ಕೊಂಡರೂ ಲೇಬಲ್ಲಿನಲ್ಲಿ ಲೈಸೆನ್ಸ್ ಸಂಖ್ಯೆ, ಆಲ್ಕೋಹಾಲ್ ಪ್ರಮಾಣ ನೋಡಿಕೊಳ್ಳಿ; ಲೈಸೆನ್ಸ್ ಇಲ್ಲದೆ ವೈನ್ ಮಾರುವುದು ಅಬಕಾರಿ ಅಪರಾಧ. ಬೆಂಗಳೂರು ಬ್ಲೂ ವೈನನ್ನು ವರ್ಷಗಟ್ಟಲೆ ಇಟ್ಟು ಹಳೆಯದು ಮಾಡುವುದರಲ್ಲಿ ಲಾಭವಿಲ್ಲ, ಹಣ್ಣಿನ ಪರಿಮಳವೇ ಹೋಗುತ್ತದೆ. ಮುಚ್ಚಳ ತೆಗೆದ ಮೇಲೆ ಉಳಿದದ್ದನ್ನು ಚಿಕ್ಕ ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.