ಮಡಚುವ ಚೆನ್ನೆಮಣೆ: ಮಗಳ ಜೊತೆ ಆಡಿ ನೋಡಿ ಬರೆದದ್ದು

ಮಂಗಳೂರಿನ ಒಂದು ಕರಕುಶಲ ಮೇಳದಲ್ಲಿ, ಗುಳಿಗಳಿಗೆ ಕಾಳು ಬಿತ್ತುತ್ತಾ ಇಬ್ಬರು ಆಡುವ ಈ ಚೆನ್ನೆಮಣೆ ಕೊಂಡೆ. 950 ರೂಪಾಯಿ. ಹಲಸಿನ ಮರದ್ದು, ಮಡಚಿದರೆ ಕಾಳು ಒಳಗೇ ಉಳಿಯುತ್ತದೆ. ಘಟ್ಟದ ಮೇಲಿನವರು ಅಳಗುಳಿ ಮಣೆ ಅನ್ನುವುದು ಇದನ್ನೇ.

ಏಳೇಳರ ಎರಡು ಸಾಲು, 14 ಗುಳಿ. ಗುಳಿಗೆ ನಾಲ್ಕರಂತೆ 56 ಕಾಳು. ನಮ್ಮ ಕಡೆಯ ಒಂದು ಗುಳಿಯ ಕಾಳು ಎತ್ತಿ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಕೈ ಖಾಲಿಯಾದರೆ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು. ಆ ಗುಳಿ ಬರಿದಾಗಿದ್ದರೆ ಅದರಾಚೆಯದ್ದರಲ್ಲಿ ಇರುವಷ್ಟೂ ನಿಮ್ಮದು. ನಮ್ಮನೆಯ ಪದ್ಧತಿ ಇದು, ಊರೂರಿಗೆ ಸ್ವಲ್ಪ ಬದಲಾಗುತ್ತದೆ.

ಮಗಳು ಆರನೇ ಕ್ಲಾಸು. ಸ್ಕೂಲಲ್ಲಿ ಏನಾಯ್ತು ಅಂತ ಕೇಳಿದರೆ "ಏನಿಲ್ಲ" ಅನ್ನುವ ವಯಸ್ಸು. ಮಣೆಯ ಮುಂದೆ ಕೂತರೆ ಹಾಗಲ್ಲ. ಇಬ್ಬರ ಕಣ್ಣೂ ಕಾಳಿನ ಮೇಲಿರುತ್ತದೆ, ಮುಖ ನೋಡಿ ಉತ್ತರ ಕೊಡಬೇಕಾಗಿಲ್ಲ. ಒಂದು ಸಂಜೆ ಕಾಳು ಬಿತ್ತುತ್ತಲೇ, ತಲೆ ಎತ್ತದೆ, "ಬಸ್ಸಲ್ಲಿ ನನ್ನ ಪಕ್ಕ ಈಗ ಯಾರೂ ಕೂರಲ್ಲ ಅಮ್ಮ" ಅಂದಳು. "ಹೌದಾ" ಅಂದು ನನ್ನ ಸರದಿ ಆಡಿದೆ. ಆಟ ಮುಗಿಯುವಷ್ಟರಲ್ಲಿ ಉಳಿದದ್ದೂ ಬಂತು: ಯಾರು, ಯಾವಾಗಿಂದ, ಏನಂದರು. ಕೊನೆಗೆ "ಟೀಚರ್ ಹತ್ರ ಹೇಳ್ಬೇಡ" ಅಂದಳು. ನಿನ್ನನ್ನು ಕೇಳದೆ ಹೇಳಲ್ಲ ಅಂದೆ, ಹೇಳಲಿಲ್ಲ. ಕೆಲವು ದಿನ ಬಿಟ್ಟು ಅವಳೇ ಬಂದು, ಈಗ ಹೇಳಬಹುದು ಅಂದಳು. ನನಗೆ ಈ ಮಣೆಯ ಬೆಲೆ ಅಲ್ಲೇ ವಸೂಲಾಯಿತು.

ಒಂದು ಮಾತು, ಮಕ್ಕಳನ್ನು ಖುಷಿಪಡಿಸೋಕೆ ಬೇಕಂತ ಸೋಲಬೇಡಿ. ಇಲ್ಲಿ ಕಾಳೆಲ್ಲ ಕಣ್ಣೆದುರೇ ಬಿದ್ದಿರುತ್ತದೆ. ನೀವು ಸುಮ್ನೆ ತಪ್ಪು ಗುಳಿ ಎತ್ತಿದರೆ ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ನೀವು ಹೊಗಳಿದರೂ ಅದು ನಂಬುವುದಿಲ್ಲ.

ಅಕ್ಕತಂಗಿ ಚೆನ್ನೆ ಆಡಬಾರದು ಅನ್ನುವ ನಂಬಿಕೆ ತುಳುನಾಡಿನಲ್ಲಿದೆ. ತುಳುವಿನ ಜನಪದ ಹಾಡುಗತೆಯಾದ ಸಿರಿ ಪಾಡ್ದನದಲ್ಲಿ ಅವಳಿಗಳಾದ ಅಬ್ಬಗ ದಾರಗ ಚೆನ್ನೆ ಆಡುತ್ತಾ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆದು, ಕೊನೆಗೆ ಇಬ್ಬರೂ ಜೀವ ಕಳೆದುಕೊಳ್ಳುತ್ತಾರೆ. ಆ ಕತೆ ಕೇಳಿದ ಮೇಲೆ ಮಗಳು, "ನಾನು ಗೆದ್ರೆ ನಿಂಗೆ ಕೋಪ ಬರುತ್ತಾ?" ಅಂದಳು. ಬರಲ್ಲ ಅಂದೆ. ಆದರೂ ಪ್ರತಿ ಸಲ ಗೆದ್ದಾಗ ಒಮ್ಮೆ ನನ್ನ ಮುಖ ನೋಡುತ್ತಾಳೆ. ನೋಡಲಿ, ಮಕ್ಕಳು ನಂಬುವುದು ಹಾಗೇ ಅಲ್ವಾ?

ಇನ್ನು ಕೊರತೆ. ಗುಳಿಯ ಆಳ ಸಾಲದು, ಎಂಟೊಂಬತ್ತು ಕಾಳು ಸೇರಿದರೆ ಹೊರಗೆ ಹಾರುತ್ತದೆ. ನಿಯಮದ ಚೀಟಿ ಬರೀ ಇಂಗ್ಲಿಷಿನಲ್ಲಿದೆ. ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ಆಡುವ ಆಟಕ್ಕೆ ಕನ್ನಡದ ಚೀಟಿ ಬೇಡವಾ?

ಕಾಳಿನ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಇದರ ಜೊತೆ ಬಂದದ್ದು ಪೂರ್ತಿ ಕೆಂಪಗಿರುವ ಮಂಜೊಟ್ಟಿ ಮರದ ಬೀಜ. ಕೆಂಪಿನ ಮೇಲೆ ಕಪ್ಪು ಚುಕ್ಕೆ ಇದ್ದರೆ ಅದು ಗುಲಗಂಜಿ, ವಿಷ. ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಅಂಥದ್ದು ಬಂದರೆ ತೆಗೆದುಹಾಕಿ ಹುಣಸೆ ಬೀಜ ಬಳಸಿ. ಯಾವ ಕಾಳಾದರೂ ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಏಳೆಂಟು ವರ್ಷ ಆದಮೇಲೆ ಆಡಿಸಿ. ಮನೆಯಲ್ಲಿ ಜಾಗ ಇದ್ದವರು ಮಡಚುವುದರ ಬದಲು ಆಳ ಗುಳಿಯ ಒಂದೇ ಹಲಗೆಯ ಮಣೆ ಕೊಳ್ಳಿ.